ಕೆಲಸವಿಲ್ಲದ ದಿನಕ್ಕೆ ಸಾಕ್ಷಿ

ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿರುವ ಗಾಣಗಾಪುರವು ಭಿಕ್ಷೆಯನ್ನು ವ್ರತವಾಗಿ ಪಾಲಿಸಿಕೊಂಡು ಬಂದ ಕ್ಷೇತ್ರ. ಶ್ರೀ ನೃಸಿಂಹಸರಸ್ವತೀ ಸ್ವಾಮಿಗಳು ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಯಾವುದಾದರೊಂದು ವೇಷದಿಂದ ಇಲ್ಲಿ ಭಿಕ್ಷೆಗೆ ಬರುವರೆಂಬ ಶ್ರದ್ಧೆಯು ಭಕ್ತರಲ್ಲಿ ಬೇರೂರಿರುವುದರಿಂದ, ಮನೆಯಲ್ಲಿ ಯಾವೊಂದು ಕೊರತೆಯೂ ಇಲ್ಲದ ಯಾತ್ರಿಕರು ಸಹ ಜೋಳಿಗೆ ಹಿಡಿದು ಐದು ಮನೆಗಳ ಬಾಗಿಲಲ್ಲಿ ನಿಂತು ಮಾಧುಕರಿಯನ್ನು ಬೇಡುತ್ತಾರೆ; ನೀಡುವ ಗೃಹಿಣಿಯು ಬೇಡಿದವನ ಪಾತ್ರಾಪಾತ್ರತೆಯನ್ನು ವಿಚಾರಿಸುವುದಿಲ್ಲ, ಏಕೆಂದರೆ ಎದುರಿಗೆ ನಿಂತವನು ನಿಜವಾಗಿ ಯಾರೆಂಬುದನ್ನು ಅಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಅನ್ನದಾನದ ಈ ಧರ್ಮವು ದೊಡ್ಡದು. ಅದರ ಆಶ್ರಯದಲ್ಲಿ ಎಷ್ಟೋ ಮಂದಿ ಅನಾಥರೂ ವೃದ್ಧರೂ ಜೀವಿಸಿದ್ದಾರೆ.

ಆದರೆ ಅದೇ ಕ್ಷೇತ್ರದ ಸುತ್ತಣ, ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳಲ್ಲಿ, ತೊಗರಿಯ ರಾಶಿ ಮುಗಿದು ಬಿಳಿಜೋಳವೂ ಮನೆ ಸೇರಿದ ಮೇಲೆ, ಫಾಲ್ಗುಣದಿಂದ ಮೊದಲುಗೊಂಡು ಮೃಗಶಿರಾ ಮಳೆ ಬೀಳುವ ತನಕ ಕೈಗೆ ಕೆಲಸವಿಲ್ಲದೆ ಕುಳಿತುಕೊಳ್ಳುವ ಸಹಸ್ರಾರು ಸ್ತ್ರೀಪುರುಷರಿಗೆ ಬೇಕಾದುದು ಬೇರೆ. ದುಡಿಯುವ ಶಕ್ತಿಯೂ ಮನಸ್ಸೂ ಇದ್ದು, ಕೇಳಿದರೂ ಕೆಲಸ ದೊರೆಯದಿದ್ದ ದಿನಗಳಿಗಾಗಿ ರಾಜ್ಯವು ತನ್ನ ಪ್ರಜೆಗೆ ಏನನ್ನು ಸಲ್ಲಿಸಬೇಕು, ಅದಕ್ಕೆ ಅರ್ಹರು ಯಾರು, ಕೇಳುವವರು ಯಾವ ಬಾಗಿಲಿಗೆ ಯಾವ ಕಾಗದ ಹಿಡಿದು ಹೋಗಬೇಕು, ಕಾಯ್ದೆಯಲ್ಲಿ ಬರೆದದ್ದು ಕೈಗೆ ಬಾರದೆ ಹೋಗುವುದು ಎಲ್ಲಿ ಎಂಬಿಷ್ಟು ವಿಷಯಗಳನ್ನು ಈ ಮೂರು ತಾಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿಯು 2002ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ಈ ಮೂರೂ ಸೇರಿದ್ದುವೆಂಬುದನ್ನು ನೆನೆದರೆ, ಇಲ್ಲಿ ಸಲ್ಲದ ನಿಯಮವು ನಾಡಿನಲ್ಲಿ ಸಲ್ಲುತ್ತಿದೆಯೆಂದು ಹೇಳುವುದು ಕಷ್ಟ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿರುದ್ಯೋಗ ಭತ್ಯೆಯ ಮೊತ್ತ ಅಲ್ಪವೆಂಬುದು ನಿಜವಾದರೂ ಅದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಕೆಲಸ ಕೇಳಿದ ದಿನವನ್ನು ತಾರೀಖು ಹಾಕಿ ಬರೆದುಕೊಡುವ ಹೊಣೆಯನ್ನು, ಆ ಬರಹದಿಂದ ನಷ್ಟಕ್ಕೊಳಗಾಗುವ ಕಚೇರಿಯ ಕೈಯಲ್ಲಿಯೇ ನಾವು ಇಟ್ಟಿದ್ದೇವೆ.

ನಿರುದ್ಯೋಗಕ್ಕೆ ಸಹಾಯಧನವೆಂಬ ಕಲ್ಪನೆಯು ಪಶ್ಚಿಮದಲ್ಲಿ ವಿಮೆಯ ರೂಪದಿಂದ ಹುಟ್ಟಿತು. ಇಂಗ್ಲೆಂಡಿನ 1911ರ ರಾಷ್ಟ್ರೀಯ ವಿಮಾ ಕಾಯ್ದೆಯು ಹಡಗು ಕಟ್ಟುವವರು, ಯಂತ್ರಕಾರರು, ಕಟ್ಟಡದ ಕೆಲಸಗಾರರು ಮೊದಲಾದ ಕೆಲವೇ ಕಸುಬುಗಳವರಿಗೆ ವಾರಕ್ಕೆ 7 ಷಿಲ್ಲಿಂಗಿನಂತೆ ವರ್ಷದಲ್ಲಿ ಹೆಚ್ಚೆಂದರೆ 15 ವಾರ ಕೊಡುವ ವ್ಯವಸ್ಥೆಯನ್ನು ಮಾಡಿತು. ಅಮೆರಿಕದಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು 1932ರಲ್ಲಿ ಕಾಯ್ದೆ ಮಾಡಿ ದಾರಿ ತೋರಿಸಿದ ಮೇಲೆ, 1935ರ ಸಾಮಾಜಿಕ ಭದ್ರತಾ ಕಾಯ್ದೆಯು ಅದನ್ನು ದೇಶವ್ಯಾಪಿಯಾಗಿ ಹರಡಿತು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಒಮ್ಮೆಯಾದರೂ ಕೆಲಸ ಕಳೆದುಕೊಂಡವರಿಗೆ ಈ ಕ್ರಮ ಪರಿಚಿತ: ಹಿಂದಿನ ಕೆಲವು ತ್ರೈಮಾಸಿಕಗಳಲ್ಲಿ ಇಂತಿಷ್ಟು ವೇತನ ಗಳಿಸಿರಬೇಕು, ತನ್ನ ತಪ್ಪಿಲ್ಲದೆ ಕೆಲಸ ಹೋಗಿರಬೇಕು, ಹೊಸ ಕೆಲಸಕ್ಕೆ ಸಿದ್ಧನಿದ್ದು ಅದನ್ನು ಹುಡುಕುತ್ತಿರಬೇಕು, ಹಾಗಿರುವೆನೆಂದು ಮತ್ತೆ ಮತ್ತೆ ಪ್ರಮಾಣೀಕರಿಸಬೇಕು. ಇವೆಲ್ಲವೂ ನಡೆಯಬೇಕಾದರೆ ಒಬ್ಬ ಮಾಲೀಕನೂ ಒಂದು ವೇತನಪುಸ್ತಕವೂ ಕೆಲಸ ಕೊನೆಗೊಂಡ ಒಂದು ತಾರೀಖೂ ಇರಬೇಕಷ್ಟೆ. ನಮ್ಮ ಭೀಮಾತೀರದ ಹೊಲಗಳಲ್ಲಿ ಈ ಮೂರೂ ಇಲ್ಲ. ಇಂದು ಒಬ್ಬರ ಹೊಲದಲ್ಲಿ ಕಳೆ ತೆಗೆದವಳು ನಾಳೆ ಇನ್ನೊಬ್ಬರಲ್ಲಿ ತೊಗರಿ ಕೊಯ್ಯುತ್ತಾಳೆ. ನಾಡಿದ್ದು ಯಾರೂ ಕರೆಯದಿದ್ದರೆ ಅದನ್ನು ಕೆಲಸ ಹೋಯಿತೆಂದು ಬರೆದುಕೊಳ್ಳುವವರು ಯಾರು?

ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ಕೆಲಸದ ಹಕ್ಕನ್ನೂ, ನಿರುದ್ಯೋಗ, ವೃದ್ಧಾಪ್ಯ, ರೋಗ, ಅಂಗವೈಕಲ್ಯಗಳ ಸಂದರ್ಭದಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನೂ ಒಂದೇ ವಾಕ್ಯದಲ್ಲಿ ಹೇಳಿದೆ. ಆದರೆ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಎಂಬ ನಿಬಂಧನೆಯೊಡನೆ, ನ್ಯಾಯಾಲಯದಲ್ಲಿ ನೇರವಾಗಿ ಕೇಳಲಾಗದ ನಿರ್ದೇಶಕ ತತ್ತ್ವಗಳ ಭಾಗದಲ್ಲಿ. ಆ ತತ್ತ್ವವು ಕಾಯ್ದೆಯಾಗಿ ಇಳಿದು ಬಂದುದು ಬಿಡಿಬಿಡಿಯಾಗಿ, ಮೂರು ಬೇರೆ ಬೇರೆ ದಾರಿಗಳಿಂದ: ಕಾರ್ಖಾನೆಯವನಿಗೆ ಒಂದು, ಪದವೀಧರನಿಗೆ ಒಂದು, ಹಳ್ಳಿಯ ಕೂಲಿಯವರಿಗೆ ಒಂದು.

ಮೊದಲನೆಯದು ನೌಕರರ ರಾಜ್ಯ ವಿಮೆ. ಜನ ಅದನ್ನು ಇಎಸ್‌ಐ ಎಂದೇ ಬಲ್ಲರು. 1948ರ ಕಾಯ್ದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭಗೊಂಡ ಈ ವಿಮೆಯು ಬಹುಕಾಲದವರೆಗೆ ರೋಗ, ಹೆರಿಗೆ, ಅಪಘಾತಗಳನ್ನು ಮಾತ್ರ ನೋಡಿಕೊಳ್ಳುತ್ತಿದ್ದು, 2005ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಮೂಲಕ ಮೊದಲ ಬಾರಿಗೆ ನಿರುದ್ಯೋಗಕ್ಕೂ ಕೈ ಚಾಚಿತು. ಕಾರ್ಖಾನೆ ಮುಚ್ಚಿದುದರಿಂದಲೋ ಸಿಬ್ಬಂದಿ ಕಡಿತದಿಂದಲೋ ಶಾಶ್ವತ ಅಂಗವೈಕಲ್ಯದಿಂದಲೋ ಕೆಲಸ ಹೋದವರಿಗೆ ಮಾತ್ರ ಅದು ಸಲ್ಲುವುದಾಗಿತ್ತು. 2018ರ ಜುಲೈ 1ರಂದು ಬಂದ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ಇನ್ನಷ್ಟು ವಿಶಾಲವಾಗಿ, ಜೀವಮಾನದಲ್ಲಿ ಒಮ್ಮೆ 90 ದಿನಗಳವರೆಗೆ ಸರಾಸರಿ ದಿನಗೂಲಿಯ ನಾಲ್ಕನೆಯ ಒಂದು ಭಾಗವನ್ನು ಕೊಡಲು ಒಪ್ಪಿತು. ಕೊರೋನಾ ಸಂಕಟದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಅದನ್ನು ಅರ್ಧಕ್ಕೆ ಏರಿಸಲಾಯಿತು. ಅರ್ಹತೆಯ ನಿಯಮ ಹೀಗಿದೆ: ಕನಿಷ್ಠ ಎರಡು ವರ್ಷ ವಿಮೆಗೊಳಪಟ್ಟ ಕೆಲಸದಲ್ಲಿರಬೇಕು, ಕೆಲಸ ಹೋಗುವುದಕ್ಕೆ ನಿಕಟಪೂರ್ವದ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳಿಗೆ ಕಡಮೆಯಿಲ್ಲದಂತೆಯೂ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೊಂದರಲ್ಲಿ ಮತ್ತೆ 78 ದಿನಗಳಿಗೆ ಕಡಮೆಯಿಲ್ಲದಂತೆಯೂ ವಂತಿಗೆ ಸಂದಿರಬೇಕು, ದುರ್ನಡತೆಗಾಗಿ ವಜಾ ಆದವರಿಗೂ ನಿವೃತ್ತರಾದವರಿಗೂ ಸಲ್ಲದು. ಆ 2020ರ ಸಡಿಲಿಕೆಯಲ್ಲಿ ನಾನು ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುವ ಅಂಶವೊಂದಿದೆ. ಅದುವರೆಗೆ ಅರ್ಜಿಯನ್ನು ಹಳೆಯ ಮಾಲೀಕನ ಮೂಲಕವೇ ಕಳಿಸಬೇಕಾಗಿದ್ದಿತು; ಅಂದಿನಿಂದ ಕಾರ್ಮಿಕನು ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದಾಯಿತು. ಕೆಲಸದಿಂದ ತೆಗೆದವನ ಬಾಗಿಲಿಗೇ ಹೋಗಿ, ತೆಗೆದದ್ದು ಹೌದೆಂದು ಬರೆದುಕೊಡಿರೆಂದು ಬೇಡುವ ದೈನ್ಯವು ತಪ್ಪಿತು.

ಇಷ್ಟಾದರೂ ಈ ದಾರಿಯು ನಮ್ಮ ಮೂರು ತಾಲೂಕುಗಳನ್ನು ಬಹುಮಟ್ಟಿಗೆ ಹೊರಗೆ ಬಿಟ್ಟು ಹಾದುಹೋಗಿದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ವೈದ್ಯಕೀಯ ಮಹಾವಿದ್ಯಾಲಯದ ವಿಶಾಲ ಕಟ್ಟಡಗಳೇನೋ ನಿಂತಿವೆ. ಜಿಲ್ಲೆಯ ಪೂರ್ವಭಾಗದಲ್ಲಿ ಸಿಮೆಂಟಿನ ಕಾರ್ಖಾನೆಗಳೂ ಇವೆ. ಪಶ್ಚಿಮದ ಕಪ್ಪು ನೆಲದಲ್ಲಿ ಇರತಕ್ಕ ದೊಡ್ಡ ಉದ್ಯಮವೆಂದರೆ ಸಕ್ಕರೆ: ಅಫಜಲಪುರ ತಾಲೂಕಿನ ಹವಳಗಾ, ಆಳಂದ ತಾಲೂಕಿನ ಭೂಸನೂರಗಳ ಕಾರ್ಖಾನೆಗಳನ್ನು ಎಲ್ಲರೂ ಬಲ್ಲರು. 1948ರ ಆ ಕಾಯ್ದೆಯಾದರೋ ಹಂಗಾಮಿನ ಕಾರ್ಖಾನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಂಗಾಮಿನದೆಂದು ಅದು ಹೆಸರಿಸಿದ ಉದ್ಯಮಗಳಲ್ಲಿ ಸಕ್ಕರೆ ಮತ್ತು ಬೆಲ್ಲದ ತಯಾರಿಕೆ, ಹತ್ತಿಯ ಜಿನ್ನಿಂಗು, ಶೇಂಗಾ ಸುಲಿಯುವುದು ಇವೆಲ್ಲ ಸೇರಿವೆ. ನಮ್ಮ ಭಾಗದ ಕಸುಬುಗಳನ್ನು ಎದುರಿಗಿಟ್ಟುಕೊಂಡೇ ಈ ಪಟ್ಟಿಯನ್ನು ಬರೆದರೋ ಎಂಬಷ್ಟು ಅದು ನಮಗೆ ಹೊಂದುತ್ತದೆ. ವಿಮೆಯ ತರ್ಕದಿಂದ ನೋಡಿದರೆ ಇದು ಅಸಂಗತವಲ್ಲ, ಏಕೆಂದರೆ ವಿಮೆಯು ಅನಿಶ್ಚಿತವಾದ ಕಷ್ಟಕ್ಕೆ ಮಾಡುವ ಏರ್ಪಾಡು. ಪ್ರತಿವರ್ಷವೂ ನಿಶ್ಚಯವಾಗಿ ಬರುವ ಕಷ್ಟವನ್ನು ಅದು ಹೊರಲಾರದು. ಆದರೆ ಮನುಷ್ಯನ ಹೊಟ್ಟೆಯ ದೃಷ್ಟಿಯಿಂದ, ಪ್ರತಿವರ್ಷವೂ ತಪ್ಪದೆ ನಿರುದ್ಯೋಗಿಯಾಗುವವನು ಆ ಕಾರಣದಿಂದಲೇ ನಿರುದ್ಯೋಗದ ರಕ್ಷಣೆಯಿಂದ ಹೊರಗುಳಿಯುವುದು ನ್ಯಾಯವೆನಿಸದು. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಚೀಲ ಹೊರುವ ಹಮಾಲರ ಸ್ಥಿತಿಯೂ ಇದಕ್ಕೆ ದೂರದ್ದಲ್ಲ. ವೇತನಪುಸ್ತಕದಲ್ಲಿ ಹೆಸರಿಲ್ಲದವನ ವಂತಿಗೆಯನ್ನು ಕಟ್ಟುವವರಿಲ್ಲ.

ಎರಡನೆಯ ದಾರಿ ಯುವನಿಧಿ. ಕರ್ನಾಟಕ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದಾಗಿ ಬಂದ ಇದರ ನೋಂದಣಿಯು 2023ರ ಡಿಸೆಂಬರ್ 26ರಂದು ಆರಂಭವಾಗಿ, ಹಣದ ವಿತರಣೆಯು 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಉದ್ಘಾಟನೆಗೊಂಡಿತು. ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ, ಇಲ್ಲವಾದರೆ ಹೆಚ್ಚೆಂದರೆ ಎರಡು ವರ್ಷ. ಉತ್ತೀರ್ಣರಾಗಿ 180 ದಿನ ಕಳೆದರೂ ಸರ್ಕಾರಿಯಾಗಲಿ ಖಾಸಗಿಯಾಗಲಿ ಕೆಲಸ ಸಿಕ್ಕಿರಬಾರದು. ಮುಂದಿನ ವ್ಯಾಸಂಗಕ್ಕೆ ಸೇರಿರಬಾರದು. ಶಿಶಿಕ್ಷು ವೇತನ ಪಡೆಯುತ್ತಿರಬಾರದು. ಸರ್ಕಾರಿ ಸಾಲದಿಂದ ಸ್ವಂತ ಉದ್ಯೋಗ ಹೂಡಿರಬಾರದು. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಮೊದಲು 2022-23ರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಇದ್ದ ಈ ಸೌಲಭ್ಯವನ್ನು ಅನಂತರ ತೇರ್ಗಡೆಯಾದವರಿಗೂ ವಿಸ್ತರಿಸಲಾಯಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಪದವಿ ಪಡೆದು ಇಂದಿಗೂ ಕೆಲಸವಿಲ್ಲದವರು ಇದರ ಲೆಕ್ಕಕ್ಕೆ ಸೇರರು. ನಮ್ಮ ತಾಲೂಕುಗಳಲ್ಲಿ ಅಂಥವರೇ ಹೆಚ್ಚೆಂಬುದನ್ನು ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಕಾಣಬಹುದು.

ಅರ್ಜಿ ಸಲ್ಲಿಸುವ ಕ್ರಮವು ಸೇವಾಸಿಂಧುವಿನ ಮೂಲಕ. ಸ್ವತಃ ಮಾಡಲಾಗದವರು ಗ್ರಾಮ ಒನ್ ಕೇಂದ್ರಕ್ಕೆ ಹೋಗುತ್ತಾರೆ. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೆಂದರೆ ಪದವಿಯ ಪ್ರಮಾಣಪತ್ರವನ್ನು ವಿದ್ಯಾರ್ಥಿಯು ಕಾಗದದಲ್ಲಿ ತೋರಿಸಿದರೆ ಸಾಲದು. ಆತನ ವಿಶ್ವವಿದ್ಯಾಲಯವು ಅದನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸಿರಬೇಕು. ಅಫಜಲಪುರದ ಪದವಿ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳ ಅರ್ಹತೆಯು ಹೀಗೆ ಅವಳ ಕೈಯಲ್ಲಿಲ್ಲದ ಒಂದು ಕಚೇರಿಯ ಶೀಘ್ರತೆಯನ್ನು ಅವಲಂಬಿಸುತ್ತದೆ. ಫಲಿತಾಂಶ ತಡವಾದರೆ 180 ದಿನಗಳ ಎಣಿಕೆಯೂ ತಡವಾಗಿ ಆರಂಭವಾಗುವುದು. ಅಂಕಪಟ್ಟಿಯಲ್ಲಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ಹೆಚ್ಚುಕಡಮೆಯಾದರೆ ಹಣ ಜಮೆಯಾಗದು. ಇನ್ನು, ತಾನು ನಿರುದ್ಯೋಗಿಯಾಗಿಯೇ ಇದ್ದೇನೆಂಬ ಸ್ವಯಂಘೋಷಣೆಯನ್ನು ಮೊದಮೊದಲು ಪ್ರತಿ ತಿಂಗಳು 25ನೆಯ ತಾರೀಖಿನೊಳಗೆ ಕೊಡಬೇಕೆಂದಿದ್ದುದನ್ನು ಆಮೇಲೆ ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಿದರು. ಈ ಘೋಷಣೆಯ ಪದ್ಧತಿಯಲ್ಲಿ ರಾಜ್ಯವು ಪದವೀಧರನ ಮಾತನ್ನು ನಂಬಿದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕೆಲಸವಿಲ್ಲವೆಂದು ಅವನು ಹೇಳಿದರೆ ಸಾಕು, ಸುಳ್ಳೆಂದು ತಿಳಿದಾಗ ಕ್ರಮ ಕೈಕೊಳ್ಳಲಾಗುವುದು ಎಂಬ ನೀತಿ ಅದು. ಅದೇ ನೀತಿಯು ಕೂಲಿಯ ಹೆಂಗಸಿಗೆ ಅನ್ವಯಿಸುವುದಿಲ್ಲ.

ಆ ಹೆಂಗಸಿನ ದಾರಿಯೇ ಮೂರನೆಯದು, ಮತ್ತು ಈ ಸೀಮೆಯಲ್ಲಿ ಅದೇ ಹೆದ್ದಾರಿ. ರಾಜ್ಯದ ಗಡಿಯಾಚೆಗಿನ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ, 1972ರ ಭೀಕರ ಬರಗಾಲದ ಕಾಮಗಾರಿಗಳಿಂದ ಮೊಳೆತು 1977ರಲ್ಲಿ ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂದ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆಯು, ಕೆಲಸ ಕೇಳಿದವರಿಗೆ ಕೆಲಸ, ಕೊಡದಿದ್ದರೆ ಭತ್ಯೆ ಎಂಬ ತತ್ತ್ವವನ್ನು ಈ ದೇಶದಲ್ಲಿ ಮೊಟ್ಟಮೊದಲು ಶಾಸನದಲ್ಲಿ ಬರೆಯಿತು. ಒಂದೇ ಬರ, ಒಂದೇ ಜೋಳ, ಬೀಗತನದ ಸಂಬಂಧಗಳೂ ಎರಡೂ ಕಡೆಗೆ ಹಬ್ಬಿದ ಜನ. ಆದರೆ ಗಡಿಯ ಈಚೆಯವರು ಆ ಹಕ್ಕಿಗಾಗಿ ಮತ್ತೆ 27 ವರ್ಷ ಕಾಯಬೇಕಾಯಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದ ಐದರಲ್ಲಿ ಗುಲಬರ್ಗಾ, ಎಂದರೆ ಇಂದಿನ ಕಲಬುರಗಿ, ಒಂದು. ಜನರ ಬಾಯಲ್ಲಿ ಅದು ‘ಖಾತ್ರಿ ಕೆಲ್ಸ’ವಾಯಿತು.

2005ರ ಆ ಕಾಯ್ದೆಯ 7ರಿಂದ 9ರವರೆಗಿನ ಪ್ರಕರಣಗಳು ಹೇಳುವುದನ್ನು ಪೂರ್ಣವಾಗಿ ತಿಳಿದುಕೊಳ್ಳುವುದು ಅವಶ್ಯ. ಜಾಬ್ ಕಾರ್ಡ್ ಉಳ್ಳ ಕುಟುಂಬದ ವಯಸ್ಕರು ಕೆಲಸ ಬೇಕೆಂದು ಅರ್ಜಿ ಕೊಟ್ಟ 15 ದಿನಗಳೊಳಗೆ, ಅಥವಾ ಮುಂಗಡ ಅರ್ಜಿಯಾದರೆ ಕೆಲಸ ಬೇಕೆಂದ ದಿನದಿಂದ, ಕೆಲಸ ದೊರೆಯದಿದ್ದರೆ ಅಂದಿನಿಂದ ದಿನಭತ್ಯೆ ಸಲ್ಲತಕ್ಕದ್ದು: ಆರ್ಥಿಕ ವರ್ಷದ ಮೊದಲ 30 ದಿನಗಳಿಗೆ ಕೂಲಿಯ ಕಾಲು ಪಾಲಿಗೆ ಕಡಮೆಯಿಲ್ಲದಂತೆ, ಅನಂತರದ ದಿನಗಳಿಗೆ ಅರ್ಧಕ್ಕೆ ಕಡಮೆಯಿಲ್ಲದಂತೆ. 2025-26ನೆಯ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇದ್ದಿತು; ಅದರ ಕಾಲು ಪಾಲು 92 ರೂಪಾಯಿ 50 ಪೈಸೆ, ಅರ್ಧ 185 ರೂಪಾಯಿ. ನೂರು ದಿನಗಳಲ್ಲಿ ಒಂದು ದಿನವೂ ಕೆಲಸ ಕೊಡದ ಪಂಚಾಯತಿ ಇದ್ದಿತೆಂದು ಭಾವಿಸಿದರೆ, ಕೂಲಿಯ 37,000 ರೂಪಾಯಿಗಳಿಗೆ ಬದಲಾಗಿ ಕುಟುಂಬಕ್ಕೆ ಬರತಕ್ಕ ಭತ್ಯೆ 15,725 ರೂಪಾಯಿ. ಕೊಟ್ಟ ಕೆಲಸವನ್ನು ಒಲ್ಲೆನೆಂದವರಿಗೂ, ಕರೆ ಬಂದು 15 ದಿನಗಳೊಳಗೆ ಹಾಜರಾಗದವರಿಗೂ, ಅಪ್ಪಣೆಯಿಲ್ಲದೆ ಒಂದು ವಾರಕ್ಕೆ ಮೀರಿ ತಪ್ಪಿಸಿಕೊಂಡವರಿಗೂ ಮೂರು ತಿಂಗಳವರೆಗೆ ಭತ್ಯೆ ಇಲ್ಲ. ಕೆಲಸ ಕೇಳುವ ಹಕ್ಕಾದರೋ ಅವರಿಗೂ ಉಳಿದಿರುತ್ತದೆ. ಭತ್ಯೆಯು ಬಾಕಿಯಾದ 15 ದಿನಗಳೊಳಗೆ ಪಾವತಿಯಾಗಬೇಕು. ಕೊಡಲಾಗದಿದ್ದರೆ ಕಾರ್ಯಕ್ರಮ ಅಧಿಕಾರಿಯು ಕಾರಣವನ್ನು ಲಿಖಿತವಾಗಿ ಮೇಲಕ್ಕೆ ತಿಳಿಸಿ, ಕಚೇರಿಯ ಫಲಕದ ಮೇಲೆಯೂ ಪ್ರಕಟಿಸಬೇಕು. ಹೀಗೆ ಓದುತ್ತ ಹೋದರೆ, ಬಡವರ ಪರವಾಗಿ ಇಷ್ಟು ಸೂಕ್ಷ್ಮವಾಗಿ ಆಲೋಚಿಸಿ ಬರೆದ ಶಾಸನಗಳು ನಮ್ಮಲ್ಲಿ ವಿರಳವೆಂದು ಮನಸ್ಸು ಹರ್ಷಗೊಳ್ಳುತ್ತದೆ.

ಆದರೆ ಈ ಇಡೀ ಏರ್ಪಾಡು ಒಂದೇ ಒಂದು ಕಾಗದದ ಮೇಲೆ ನಿಂತಿದೆ. ನಮೂನೆ 6ರಲ್ಲಿ ಬರೆದ ಅರ್ಜಿಗೆ ಪಂಚಾಯತಿಯು ಕೊಡಬೇಕಾದ ತಾರೀಖು ಸಹಿತವಾದ ಸ್ವೀಕೃತಿ ಅದು. ಆ ಚೀಟಿ ಇಲ್ಲದಿದ್ದರೆ 15 ದಿನಗಳ ಎಣಿಕೆಯು ಎಂದಿಗೂ ಆರಂಭವಾಗುವುದಿಲ್ಲ. ಎಣಿಕೆ ಆರಂಭವಾಗದಿದ್ದರೆ ಆಕೆ ನಿರುದ್ಯೋಗಿಯಲ್ಲ, ಬರಿದೆ ಮನೆಯಲ್ಲಿ ಕುಳಿತವಳು. ಅಫಜಲಪುರ ತಾಲೂಕಿನ ಒಂದು ಪಂಚಾಯತಿಯ ಮುಂದೆ, ಚೈತ್ರದ ಬಿಸಿಲಿನಲ್ಲಿ, ನಾನು ಕೇಳಿದ ಮಾತುಗಳು ಈ ವಿಷಯವನ್ನು ಎಲ್ಲ ವ್ಯಾಖ್ಯಾನಗಳಿಗಿಂತ ಚೆನ್ನಾಗಿ ತಿಳಿಸುತ್ತವೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ಹತ್ತೆಂಟು ಹೆಂಗಸರ ಗುಂಪಿನಿಂದ ಮುಂದೆ ಬಂದ ಹಿರಿಯಳೊಬ್ಬಳು ಕಿಟಕಿಯಲ್ಲಿ ಕಾಗದಗಳನ್ನು ಚಾಚಿ ನಿಂತಿದ್ದಳು.

“ಸರ, ಎಲ್ಲಾರ್ದೂ ಬರ್ಸಿಕೊಂಡು ಬಂದೀವ್ರಿ. ಕೆಲ್ಸ ಬೇಕಾಗ್ಯಾದ.”

“ಆಯ್ತು ಬಿಡವ್ವಾ, ಬರ್ಕೊಂಡೀನಿ. ಎಸ್ಟಿಮೇಟ್ ಆದ ಮ್ಯಾಲ ಹೇಳಿ ಕಳಸ್ತೀನಿ, ಹೋಗ್ರಿ.”

“ಬರ್ಕೊಂಡಿದ್ದಕ್ಕ ಚೀಟಿ ಕೊಡ್ರಿ.”

“ಚೀಟಿ ಯಾಕ? ನನ್ನ ಮ್ಯಾಲ ನಂಬಿಗಿ ಇಲ್ಲೇನು?”

“ನಂಬಿಗಿ ಅದರೀ ಸರ. ತಾರೀಖು ಬೇಕಾಗ್ಯಾದ.”

ಕಿಟಕಿಯ ಒಳಗಿದ್ದ ಆ ಯುವಕನು ದುಷ್ಟನಾಗಿರಲಿಲ್ಲ. ಅಂದಾಜುಪಟ್ಟಿ ಸಿದ್ಧವಾಗಿಲ್ಲ, ಕಿರಿಯ ಎಂಜಿನಿಯರು ಹಲವು ಪಂಚಾಯತಿಗಳನ್ನು ನೋಡಿಕೊಳ್ಳಬೇಕು, ಎನ್‌ಎಂಆರ್ ಎಂಬ ಹಾಜರಿಪಟ್ಟಿ ತೆಗೆಯದೆ ಯಾರನ್ನೂ ಕೆಲಸಕ್ಕೆ ಇಳಿಸುವಂತಿಲ್ಲ ಎಂಬ ಅವನ ಕಷ್ಟಗಳೂ ನಿಜವಾಗಿದ್ದುವು. ಚೀಟಿ ಕೊಟ್ಟರೆ ತನ್ನ ಮೇಲೆ ದಿನಗಳ ಎಣಿಕೆ ಮೊದಲಾಗುವುದೆಂಬುದೂ ಅವನಿಗೆ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಒಂದು ಬಿಳಿ ಹಾಳೆಯಲ್ಲಿ ಹೆಸರುಗಳನ್ನು ಬರೆದು, ದಿನಾಂಕ ಹಾಕಿ, ಮುದ್ರೆಯೊತ್ತಿ ಕೊಟ್ಟನು. ಆಕೆ ಅದನ್ನು ಮಡಿಚಿ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. 15 ದಿನ ತುಂಬುವ ಮೊದಲೇ ಆ ಊರಲ್ಲಿ ಕೃಷಿಹೊಂಡದ ಕೆಲಸ ಆರಂಭವಾಯಿತೆಂದು ಅನಂತರ ಕೇಳಿ ತಿಳಿದೆನು. ಭತ್ಯೆಯ ಒಂದು ರೂಪಾಯಿಯೂ ಯಾರಿಗೂ ಸಲ್ಲಲಿಲ್ಲ, ಸಲ್ಲಬೇಕಾದ ಪ್ರಸಂಗವೂ ಬರಲಿಲ್ಲ. ನಿರುದ್ಯೋಗ ಭತ್ಯೆಯ ನಿಜವಾದ ಪ್ರಯೋಜನವು ಅದು ಪಾವತಿಯಾಗುವುದಕ್ಕಿಂತ ಹೆಚ್ಚಾಗಿ, ಅದು ಪಾವತಿಯಾಗಬೇಕಾದೀತೆಂಬ ಭಯದಲ್ಲಿದೆಯೆಂದು ನಾನು ನಂಬುತ್ತೇನೆ. ಆ ಭಯಕ್ಕೆ ಬೀಜವು ತಾರೀಖಿನ ಚೀಟಿ.

ಈ ಕಾರಣದಿಂದಲೇ ಚೀಟಿಯನ್ನು ಕೊಡದಿರುವುದು ನಾಡಿನಾದ್ಯಂತ ಒಂದು ಮೌನಸಂಪ್ರದಾಯವಾಗಿ ಬೆಳೆದಿದೆ. ಕೆಲಸ ಸಿದ್ಧವಾದ ದಿನದಂದೇ ಬೇಡಿಕೆಯನ್ನೂ ಗಣಕಯಂತ್ರದಲ್ಲಿ ದಾಖಲಿಸಿದರೆ, ಬೇಡಿಕೆಗೂ ಪೂರೈಕೆಗೂ ನಡುವೆ ಅಂತರವೇ ಕಾಣದು. ಜಿಲ್ಲೆಯ ಪಟ್ಟಿಯಲ್ಲಿ ಕೇಳಿದವರೆಲ್ಲರಿಗೂ ಕೆಲಸ ಸಿಕ್ಕಿದಂತೆ ತೋರುವುದು. ಇದಕ್ಕೆ ಮೂಲವು 2005ರ ಕಾಯ್ದೆಯ 22ನೆಯ ಪ್ರಕರಣದಲ್ಲಿದ್ದಿತು: ಅಕುಶಲ ಕೂಲಿಯ ಪೂರ್ಣ ವೆಚ್ಚ ಕೇಂದ್ರದ್ದು, ನಿರುದ್ಯೋಗ ಭತ್ಯೆಯ ವೆಚ್ಚ ರಾಜ್ಯದ್ದು. ಕೆಲಸ ಕೊಟ್ಟರೆ ಕೇಂದ್ರದ ಹಣ, ಕೊಡದಿದ್ದರೆ ತನ್ನ ಹಣ ಎಂದಾದಾಗ ರಾಜ್ಯವು ಕೆಲಸ ಕೊಡಲು ಆತುರಪಡುವುದೆಂದು ಶಾಸನಕರ್ತರು ಎಣಿಸಿದ್ದರು. ಆ ಎಣಿಕೆಯಲ್ಲಿ ವಿವೇಕವಿತ್ತು. ಆದರೆ ಬೇಡಿಕೆಯನ್ನೇ ಬರೆದುಕೊಳ್ಳದಿರುವ ಮೂರನೆಯ ಮಾರ್ಗವು ತೆರೆದೇ ಇದ್ದಿತು. ಮಧ್ಯಪ್ರದೇಶದ ಬಡವಾನಿಯ ಆದಿವಾಸಿಗಳು ಸಂಘಟಿತರಾಗಿ ಕಾಯ್ದೆಯ ಆರಂಭದ ವರ್ಷಗಳಲ್ಲಿಯೇ ಭತ್ಯೆಯನ್ನು ಪಡೆದುದೂ, ನಮ್ಮಲ್ಲಿ ರಾಯಚೂರು ಬೆಳಗಾವಿಗಳ ಕಡೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯವರು ಸ್ವೀಕೃತಿಗಾಗಿ ಹಟ ಹಿಡಿದು ನಿಂತುದೂ, ಈ ಮೂರನೆಯ ಮಾರ್ಗವನ್ನು ಮುಚ್ಚುವ ಪ್ರಯತ್ನಗಳೇ ಆಗಿದ್ದುವು.

ಚೀಟಿಗಾಗಿ ಪಂಚಾಯತಿಯ ಕಿಟಕಿಯೊಂದನ್ನೇ ನಂಬಬೇಕಾಗಿಲ್ಲವೆಂಬುದು ಅನೇಕರಿಗೆ ತಿಳಿಯದು. 2005ರ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ವಾರ್ಡಿನ ಸದಸ್ಯ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಶಿಕ್ಷಕ, ಸ್ವಸಹಾಯ ಸಂಘ ಇವರಿಗೂ ಅರ್ಜಿ ಸ್ವೀಕರಿಸಿ ತಾರೀಖಿನ ರಸೀದಿ ಕೊಡುವ ಅಧಿಕಾರವನ್ನು ಪಂಚಾಯತಿಯು ಕೊಡಬೇಕು. ಇದನ್ನು ನಿಷ್ಠೆಯಿಂದ ಜಾರಿಗೆ ತಂದರೆ ಅರ್ಧ ಸಮಸ್ಯೆ ಪರಿಹಾರವಾದೀತು. ರಸೀದಿ ಕೊಡುವವರೂ ಭತ್ಯೆಯ ಹೊಣೆ ಹೊರುವವರೂ ಬೇರೆಯಾದರೆ ಸಾಕ್ಷಿಯು ಸ್ವತಂತ್ರವಾಗುತ್ತದೆ. ದೂರಿದ್ದರೆ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಡಬೇಕು, ಆತನು 7 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಜಿಲ್ಲೆಗೆ ಒಬ್ಬ ಓಂಬುಡ್ಸ್‌ಮನ್ ಇದ್ದಾನೆ. ಉಲ್ಲಂಘಿಸಿದವರಿಗೆ 2005ರ ಕಾಯ್ದೆಯ 25ನೆಯ ಪ್ರಕರಣದಂತೆ ಸಾವಿರ ರೂಪಾಯಿಯವರೆಗೆ ದಂಡವೂ ಇದ್ದಿತು. ಇವಕ್ಕೆಲ್ಲ ಮೊದಲು ಕೇಳುವ ಪ್ರಶ್ನೆ ಮಾತ್ರ ಅದೇ: ಅರ್ಜಿ ಕೊಟ್ಟದ್ದಕ್ಕೆ ಆಧಾರವೇನು?

ಈ ಮೂರು ದಾರಿಗಳಲ್ಲಿ ಯಾವುದೂ ಮುಟ್ಟದ ಜನವೂ ಇದ್ದಾರೆ. ಗುಳೆ ಹೋಗುವವರು ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡಗಳಲ್ಲಿ ದುಡಿಯುತ್ತಾರೆ. ಅಲ್ಲಿ ಕೆಲಸ ನಿಂತ ದಿನ ಅವರು ಅಲ್ಲಿಯ ನಿವಾಸಿಗಳಲ್ಲ, ಇಲ್ಲಿಯ ಅರ್ಜಿದಾರರೂ ಅಲ್ಲ. ಜಾಬ್ ಕಾರ್ಡು ಊರಿನ ಪೆಟ್ಟಿಗೆಯಲ್ಲಿರುತ್ತದೆ. ಬಹುಕಾಲ ಕೆಲಸ ಕೇಳಲಿಲ್ಲವೆಂದು ಅದು ರದ್ದಾದುದೂ ಉಂಟು. ಅಫಜಲಪುರ, ಆಳಂದ, ಜೇವರ್ಗಿ ಪಟ್ಟಣಗಳೇ ಪುರಸಭೆಗಳಾದುದರಿಂದ ಅಲ್ಲಿಯ ಕೂಲಿಕಾರರಿಗೆ ಖಾತ್ರಿಯ ಕೆಲಸ ಸಲ್ಲುವುದಿಲ್ಲ; ಒಂದು ಮೈಲಿಯಾಚೆಯ ಹಳ್ಳಿಯವನಿಗೆ ಇರುವ ಹಕ್ಕು ಪಟ್ಟಣದ ಓಣಿಯವನಿಗೆ ಇಲ್ಲ. ಗಾಣಗಾಪುರದಲ್ಲಿಯೇ ದತ್ತಜಯಂತಿ, ಗುರುಪೂರ್ಣಿಮೆ, ಹುಣ್ಣಿಮೆ ಅಮಾವಾಸ್ಯೆಗಳ ಜನಸಂದಣಿಯನ್ನು ನಂಬಿ ಕಾಯಿಕರ್ಪೂರ ಮಾರುವವರು, ಸಂಗಮಕ್ಕೆ ಆಟೋ ಓಡಿಸುವವರು, ವಸತಿಗೃಹಗಳಲ್ಲಿ ದುಡಿಯುವ ಹುಡುಗರು ಎಷ್ಟಿಲ್ಲ! 2020ರ ಮಾರ್ಚ್‌ನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಇವರೆಲ್ಲರೂ ಒಂದೇ ದಿನದಲ್ಲಿ ನಿರುದ್ಯೋಗಿಗಳಾದರು. ಆಗ ರಾಜ್ಯ ಸರ್ಕಾರವು ಕ್ಷೌರಿಕರು, ಅಗಸರು, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಗಳ ಒಂದಾವರ್ತಿ ನೆರವನ್ನು ಘೋಷಿಸಿತು; ಚಾಲಕನಿಗೆ ಪರವಾನಗಿಯೆಂಬ ಕಾಗದವಿದ್ದಿತು, ಕಾಯಿ ಮಾರುವವಳಿಗೆ ಏನೂ ಇರಲಿಲ್ಲ. 2021ರ ಇ-ಶ್ರಮ್ ನೋಂದಣಿಯು ಅಂಥವರಿಗೆ ಒಂದು ಸಂಖ್ಯೆಯನ್ನೇನೋ ಕೊಟ್ಟಿದೆ. ಕೆಲಸವಿಲ್ಲದ ದಿನಕ್ಕೆ ಆ ಸಂಖ್ಯೆಯಿಂದ ಭತ್ಯೆಯೇನೂ ಹುಟ್ಟುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಖಾತರಿ ಕಾಯ್ದೆಯ ಸ್ಥಾನದಲ್ಲಿ ಹೊಸದೊಂದನ್ನು ಅಂಗೀಕರಿಸಿತು. ವರ್ಷಕ್ಕೆ 100 ದಿನಗಳಿದ್ದುದು 125ಕ್ಕೆ ಏರಿದುದು ಸ್ವಾಗತಾರ್ಹ. ಆದರೆ ಕೂಲಿಯ ವೆಚ್ಚವನ್ನೂ ಕೇಂದ್ರ ರಾಜ್ಯಗಳು 60ಕ್ಕೆ 40ರಂತೆ ಹಂಚಿಕೊಳ್ಳತಕ್ಕದ್ದೆಂದೂ, ಕೇಂದ್ರವು ನಿಗದಿಪಡಿಸಿದ ಹಂಚಿಕೆಯನ್ನು ಮೀರಿದ ವೆಚ್ಚವೆಲ್ಲ ರಾಜ್ಯದ್ದೆಂದೂ ಅದು ವಿಧಿಸಿದೆ. ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬೇಕು. 370 ರೂಪಾಯಿ ಕೂಲಿಯ ಕೆಲಸವೊಂದನ್ನು ಕೊಟ್ಟರೆ ರಾಜ್ಯದ ಪಾಲು 148 ರೂಪಾಯಿ. ಭತ್ಯೆಯ ಕನಿಷ್ಠ ಪ್ರಮಾಣವು ಹಿಂದಿನಂತೆ ಕಾಲು ಪಾಲಿನಿಂದಲೇ ಆರಂಭವಾಗುವುದಾದರೆ, ಕೆಲಸ ಕೊಡದೆ ಭತ್ಯೆಯನ್ನು ಪ್ರಾಮಾಣಿಕವಾಗಿ ಕೊಟ್ಟರೂ ಮೊದಲ ತಿಂಗಳು ರಾಜ್ಯಕ್ಕೆ ತಗಲುವುದು ದಿನಕ್ಕೆ 92 ರೂಪಾಯಿ 50 ಪೈಸೆ ಮಾತ್ರ. ಆ ದಿನಗಳಲ್ಲಿ ಕೆಲಸ ಕೊಡುವುದಕ್ಕಿಂತ ಕೊಡದಿರುವುದೇ ಅಗ್ಗ. ಬೇಡಿಕೆಯನ್ನು ಬರೆದುಕೊಳ್ಳದಿರುವುದು ಎಲ್ಲಕ್ಕಿಂತ ಅಗ್ಗ. ಹಳೆಯ ಕಾಯ್ದೆಯಲ್ಲಿದ್ದ ಅಂಕುಶದ ಮೊನೆಯು ಹೀಗೆ ತಿರುಗಿಕೊಂಡಿರುವಾಗ, ಭತ್ಯೆಯ ದರವನ್ನು ರಾಜ್ಯದ ಕೂಲಿಪಾಲಿಗಿಂತ ಮೇಲಕ್ಕೆ ಏರಿಸುವುದೂ, ರಸೀದಿಯ ಅಧಿಕಾರವನ್ನು ಪಂಚಾಯತಿಯ ಹೊರಗಿನವರಿಗೆ ಕೊಡುವುದೂ ತಡಮಾಡದೆ ಆಗಬೇಕಾದ ಕೆಲಸಗಳು.

ಹೊಸ ಕಾಯ್ದೆಯಲ್ಲಿ ಮತ್ತೊಂದು ಅಂಶವಿದೆ. ಬಿತ್ತನೆ ಸುಗ್ಗಿಗಳ ಕಾಲದಲ್ಲಿ ಹೊಲಗಳಿಗೆ ಆಳು ಸಿಗಲೆಂದು ವರ್ಷದಲ್ಲಿ ಒಟ್ಟು 60 ದಿನ ಸರ್ಕಾರಿ ಕಾಮಗಾರಿಗಳನ್ನು ನಿಲ್ಲಿಸಬೇಕೆಂದು ಅದು ಹೇಳುತ್ತದೆ. ಆ ದಿನಗಳನ್ನು ರಾಜ್ಯವು ಮುಂಚಿತವಾಗಿ, ಪ್ರದೇಶಕ್ಕೆ ತಕ್ಕಂತೆ, ಪ್ರಕಟಿಸಬಹುದು. ಅಫಜಲಪುರ ತಾಲೂಕಿನಲ್ಲಿಯೇ ಸೊನ್ನದ ಬ್ಯಾರೇಜಿನ ನೀರು ಕಂಡ ಊರುಗಳಲ್ಲಿ ಕಬ್ಬಿನ ಕೆಲಸ ಒಂದು ಕಾಲಕ್ಕೆ, ಮಳೆಯನ್ನೇ ನಂಬಿದ ಊರುಗಳಲ್ಲಿ ತೊಗರಿಯ ಕೆಲಸ ಇನ್ನೊಂದು ಕಾಲಕ್ಕೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯೇ ಇಲ್ಲ. ಅಂಥ ವರ್ಷದಲ್ಲಿ ಪುಷ್ಯಮಾಸದ ಒಣ ಹೊಲದ ಬದುವಿನಲ್ಲಿ ನಿಂತವಳು ಕೆಲಸ ಕೇಳಿ ಅರ್ಜಿ ಬರೆದರೆ, ಅದು ಸುಗ್ಗಿಯ ಕಾಲವೆಂದು ಪ್ರಕಟವಾದ 60 ದಿನಗಳೊಳಗೆ ಬಂದಿತೆಂಬ ಕಾರಣಕ್ಕೆ ಅವಳ ಅರ್ಜಿಯನ್ನು ತಿರಸ್ಕರಿಸುವರೋ, ತಾರೀಖು ಹಾಕಿ ಸ್ವೀಕರಿಸುವರೋ ಎಂಬುದನ್ನು ಆ ದಿನಗಳನ್ನು ನಿಗದಿಪಡಿಸುವ ಮೊದಲೇ ಸರ್ಕಾರವು ಸ್ಪಷ್ಟವಾಗಿ ಬರೆದು ಹೇಳಬೇಕು; ದಿನಗಳನ್ನು ಜಿಲ್ಲೆಗೊಂದರಂತೆ ಕಲಬುರಗಿಯಲ್ಲಿ ಕುಳಿತು ಗೊತ್ತುಮಾಡದೆ, ಆಯಾ ಗ್ರಾಮಸಭೆಯಲ್ಲಿ ಕೂಲಿಯವರನ್ನು ಕೇಳಿ ಗೊತ್ತುಮಾಡಬೇಕು.